ಎಂ.ಎ. ಅರ್ಥಶಾಸ್ತ್ರಕ್ಕೆ ಟ್ಯೂಷನ್ ಬೇಕಾ? ಯಾರ ಹತ್ತಿರ, ಯಾವುದಕ್ಕೆ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಾನು ಎಂ.ಎ. ಅರ್ಥಶಾಸ್ತ್ರ ಮೊದಲ ವರ್ಷದಲ್ಲಿದ್ದೇನೆ. ಬಿ.ಎ.ಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿದವಳು. ಪೂರ್ತಿ ಕನ್ನಡ ಮಾಧ್ಯಮ. ಪಿಯುಸಿಯಲ್ಲೂ ಆರ್ಟ್ಸ್. ಅಂದರೆ ಎಸ್ಸೆಸ್ಸೆಲ್ಸಿ ಆದ ಮೇಲೆ ಗಣಿತದ ಪುಸ್ತಕ ತೆರೆದೇ ಇಲ್ಲ. ಅರ್ಥಶಾಸ್ತ್ರ ನನಗೆ ತುಂಬಾ ಇಷ್ಟದ ವಿಷಯ, ಬಿ.ಎ.ಯಲ್ಲಿ ಅಂಕವೂ ಚೆನ್ನಾಗಿ ಬರುತ್ತಿತ್ತು.

ಇಲ್ಲಿಗೆ ಬಂದ ಮೇಲೆ ಸೂಕ್ಷ್ಮ ಅರ್ಥಶಾಸ್ತ್ರದ ಪೇಪರ್ ಕೈ ಕೊಡುತ್ತಿದೆ. ಚಿತ್ರ ಬರೆದು ವಿವರಿಸು ಅಂದರೆ ವಿವರಿಸುತ್ತೇನೆ. ಬೋರ್ಡಿನ ಮೇಲೆ ಲಾಗ್ರಾಂಜ್, ಪಾರ್ಶಿಯಲ್ ಡಿರೈವೇಟಿವ್, ಸ್ಲಟ್ಸ್ಕಿ ಸಮೀಕರಣ ಅಂತ ಗಣಿತ ಶುರುವಾದರೆ ಸುಮ್ನೆ ನೋಟ್ಸಿಗೆ ಇಳಿಸಿಕೊಂಡು ಬರುತ್ತೇನೆ. ಮುಂದಿನ ಸೆಮಿಸ್ಟರ್‌ಗೆ ಎಕನಾಮೆಟ್ರಿಕ್ಸ್ (ಅಂಕಿಅಂಶ ಹಿಡಿದು ಅರ್ಥಶಾಸ್ತ್ರದ ಸಂಬಂಧಗಳನ್ನು ಅಳೆಯುವ ವಿಷಯ) ಬೇರೆ ಇದೆ.

ಟ್ಯೂಷನ್ ವಿಚಾರಿಸಿದೆ. ಒಂದು ಕೋಚಿಂಗ್ ಸೆಂಟರ್‌ನವರು ಸೆಮಿಸ್ಟರ್‌ಗೆ 18,000 ಹೇಳಿದರು. ಆನ್‌ಲೈನ್‌ನಲ್ಲಿ ಒಬ್ಬರು ಗಂಟೆಗೆ 1,000 ಕೇಳಿದರು. ಇನ್ನೊಬ್ಬರು ವಾಟ್ಸಾಪ್‌ನಲ್ಲಿ, ಅಸೈನ್‌ಮೆಂಟ್ ನಾವೇ ಬರೆದು ಕೊಡುತ್ತೇವೆ, ಒಂದಕ್ಕೆ 500 ಅಂದರು. ಮನೆಯಲ್ಲಿ ಕೇಳಿದರೆ ಅಪ್ಪ ಹೇಗಾದರೂ ಹೊಂದಿಸಿ ಕೊಡುತ್ತಾರೆ. ಅದಕ್ಕೇ ಕೇಳುವ ಮೊದಲು ಸರಿಯಾಗಿ ತಿಳಿದುಕೊಳ್ಳಬೇಕು ಅನ್ನಿಸುತ್ತಿದೆ. ಈ ಹಂತದಲ್ಲಿ ಟ್ಯೂಷನ್‌ನಿಂದ ನಿಜಕ್ಕೂ ಉಪಯೋಗ ಆಗುತ್ತದೆಯೇ? ಒಳ್ಳೆಯವರನ್ನು ಗುರುತಿಸುವುದು ಹೇಗೆ? ದುಡ್ಡಿಲ್ಲದೆ ಆಗುವ ದಾರಿ ಏನಾದರೂ ಇದೆಯೇ?

ಹೊಸದುರ್ಗ_ಹುಡುಗ

ಅಕ್ಕ, ನನ್ನದೂ ಇದೇ ಕಥೆ. ನಮ್ಮ ಕ್ಲಾಸಿನಲ್ಲಿ ಬಿ.ಎಸ್ಸಿ. ಗಣಿತ ಓದಿ ಬಂದ ಇಬ್ಬರನ್ನು ಬಿಟ್ಟರೆ ಎಲ್ಲರದ್ದೂ ಇದೇ. ಉತ್ತರ ಬರಲಿ ಅಂತ ಕಾಯುತ್ತಿದ್ದೇನೆ.

ನಾಗರಭಾವಿ_ನೋಟ್ಸ್ (ಬೆಂಗಳೂರು)

ನಾನು ಪಿಎಚ್‌.ಡಿ. ಮಾಡುತ್ತಿದ್ದೇನೆ. ನೇರವಾಗಿ ಹೇಳುತ್ತೇನೆ, ಪಿಜಿ ಮಟ್ಟದಲ್ಲಿ ಟ್ಯೂಷನ್ ಬೇಡ. ಕಲಿಯಲು ಬೇಕಾದದ್ದೆಲ್ಲ ಉಚಿತವಾಗಿಯೇ ಸಿಗುತ್ತದೆ. ಎನ್‌ಪಿಟಿಇಎಲ್ ಮತ್ತು ಸ್ವಯಂ ಅನ್ನುವ ಆನ್‌ಲೈನ್ ಕೋರ್ಸ್ ತಾಣಗಳಲ್ಲಿ ಮೈಕ್ರೋ (ಸೂಕ್ಷ್ಮ), ಮ್ಯಾಕ್ರೋ (ಸಮಗ್ರ), ಎಕನಾಮೆಟ್ರಿಕ್ಸ್ ಮೂರೂ ಇವೆ. ಇ-ಪಿಜಿ ಪಾಠಶಾಲಾದಲ್ಲಿ ಎಂ.ಎ. ಅರ್ಥಶಾಸ್ತ್ರದ ಪೇಪರ್‌ಗಳ ಪಾಠಗಳು ಓದಲು ಸಿಗುತ್ತವೆ. ಇಗ್ನೋ (ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ) ಪಾಠಪುಸ್ತಿಕೆಗಳು ಇ-ಜ್ಞಾನಕೋಶದಲ್ಲಿವೆ. ಎಂಐಟಿಯ ಓಪನ್‌ಕೋರ್ಸ್‌ವೇರ್‌ನಲ್ಲಿ ಅವರ ಪಿಜಿ ಕ್ಲಾಸಿನ ಪ್ರಾಬ್ಲಂ ಸೆಟ್‌ಗಳು ಸಿಗುತ್ತವೆ, ಎಷ್ಟೋ ಕೋರ್ಸ್‌ಗಳಲ್ಲಿ ಉತ್ತರವೂ ಜೊತೆಗಿದೆ.

ಮೂರು ನಾಲ್ಕು ಜನ ಸೇರಿ ವಾರಕ್ಕೊಮ್ಮೆ ಕೂತು ಲೆಕ್ಕ ಬಿಡಿಸಿ. ಈ ವಿಷಯದಲ್ಲಿ ಎಲ್ಲರೂ ಕಲಿತದ್ದು ಹಾಗೆಯೇ. 18,000 ಕೊಡಬೇಡಿ.

ಭೀಮಾತೀರದ_ಉಪನ್ಯಾಸಕಿ (ಕಲಬುರಗಿ ಕಡೆ)

ನಾಗರಭಾವಿಯವರೇ, ನಿಮ್ಮ ಮಾತು ಒಪ್ಪುವುದು ನನಗೆ ಕಷ್ಟ. ನೀವು ಕೂತಿರುವ ಜಾಗದ ಸುತ್ತ ಏನೇನಿದೆ ನೋಡಿ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಐಸೆಕ್ ಅನ್ನುವ ಸಂಶೋಧನಾ ಸಂಸ್ಥೆ ಅಲ್ಲೇ ಇದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಪಕ್ಕದಲ್ಲಿದೆ, 2017ರಲ್ಲಿ ಶುರುವಾದ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ. ಕ್ಯಾಂಟೀನ್‌ನಲ್ಲಿ ಕೂತರೆ ಎದುರಿಗೆ ಇನ್ನೊಬ್ಬ ಅರ್ಥಶಾಸ್ತ್ರದವನೇ ಸಿಗುತ್ತಾನೆ. ನನ್ನ ವಿದ್ಯಾರ್ಥಿನಿಯರು ದಿನಾ ಬಸ್ಸಿನಲ್ಲಿ ಓಡಾಡಿ ಓದುವವರು. ಕ್ಲಾಸ್ ಮುಗಿದರೆ ಊರಿಗೆ ಕೊನೇ ಬಸ್. ಮೂರು ನಾಲ್ಕು ಜನ ಸೇರಿ ಕೂರುವುದು ಎಲ್ಲಿ, ಯಾವಾಗ?

ವಿಡಿಯೋ ಇದೆ ಅನ್ನುವುದು ನಿಜ. ಆದರೆ ವಿಡಿಯೋ ನಮ್ಮ ಹಾಳೆ ನೋಡುವುದಿಲ್ಲ. ನಾನು ಮೂರನೇ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಇಂಗ್ಲಿಷ್‌ನಲ್ಲಿ ಪಾಠ ವೇಗವಾಗಿ ಹೋಗುತ್ತಿದ್ದರೆ ಕನ್ನಡ ಮಾಧ್ಯಮದ ಹುಡುಗಿ ಕಂಡುಕೊಳ್ಳುವುದು ಒಂದೇ, ತನಗೆ ತಲೆ ಇಲ್ಲ ಅಂತ. ಅದು ಸುಳ್ಳು. ಅದನ್ನು ಸುಳ್ಳು ಅಂತ ಎದುರಿಗೆ ಕೂತು ತೋರಿಸಲು ಒಬ್ಬ ಮನುಷ್ಯ ಬೇಕು. ಅವರು ದುಡ್ಡು ತೆಗೆದುಕೊಂಡರೂ ತಪ್ಪಿಲ್ಲ.

ನಾಗರಭಾವಿ_ನೋಟ್ಸ್

ಮೇಡಂ, ಹಾಳೆ ನೋಡುವವರು ಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ನನ್ನ ವಿರೋಧ ಇರುವುದು ಇಡೀ ಸೆಮಿಸ್ಟರ್‌ಗೆ ಒಟ್ಟಿಗೆ ದುಡ್ಡು ಕಟ್ಟಿಸಿಕೊಂಡು, ಇನ್ನೊಮ್ಮೆ ಬೋರ್ಡಿನ ಮೇಲೆ ಅದೇ ಪಾಠ ಬರೆಯುವವರ ಬಗ್ಗೆ. ಅಲ್ಲೂ ಈಕೆ ನೋಟ್ಸ್ ಇಳಿಸಿಕೊಂಡೇ ಬರುತ್ತಾಳೆ, ಅಲ್ವಾ?

ಧಾರವಾಡದ_ಮೇಷ್ಟ್ರು

ಮೂವತ್ತು ವರ್ಷದ ಮೇಲೆ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾಗಿದ್ದೇನೆ. ತಂಗಿ, ಟ್ಯೂಷನ್ ಬೇಕೋ ಬೇಡವೋ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ನೀನು ಎಲ್ಲಿ ನಿಂತಿದ್ದೀ ಅಂತ ತಿಳಿಯಬೇಕು. ಗಣಿತ ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಯಾವ ಗಣಿತ ಅಂತ ಕೇಳಿದರೆ ಗೊತ್ತಿರುವುದಿಲ್ಲ.

ಒಂದು ಲೆಕ್ಕ ಕೊಡುತ್ತೇನೆ. ಒಂದು ಮನೆಗೆ ಅಕ್ಕಿ ಮತ್ತು ಬೇಳೆ ಎರಡೇ ವಸ್ತು. ಅಕ್ಕಿಯ ಕಿಲೋಗಳನ್ನು ಬೇಳೆಯ ಕಿಲೋಗಳಿಂದ ಗುಣಿಸಿ ವರ್ಗಮೂಲ ತೆಗೆದರೆ ಬರುವುದೇ ತುಷ್ಟಿಗುಣ, ಅಂದರೆ ಅದರಿಂದ ಸಿಗುವ ತೃಪ್ತಿ. ಅಕ್ಕಿ ಕಿಲೋಗೆ 40 ರೂಪಾಯಿ, ಬೇಳೆ ಕಿಲೋಗೆ 160. ಕೈಯಲ್ಲಿ 3,200 ರೂಪಾಯಿ. ಯಾವುದನ್ನು ಎಷ್ಟು ಕೊಂಡರೆ ತುಷ್ಟಿಗುಣ ಅತಿ ಹೆಚ್ಚು? ಲಾಗ್ರಾಂಜ್ ಹಾಕಿ, ಅಂದರೆ ಬಜೆಟ್ ಮಿತಿಯನ್ನು ಲ್ಯಾಂಬ್ಡಾ ಅನ್ನುವ ಗುಣಕದ ಜೊತೆ ಸೇರಿಸಿ, ಬಿಡಿಸು. ಪೂರ್ತಿ ಆಗಬೇಕಿಲ್ಲ. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿಗೆ ನಿಲ್ಲಿಸಿ ಹಾಳೆಯ ಫೋಟೋ ಹಾಕು. ಅಳಿಸಬೇಡ, ಚೊಕ್ಕಟ ಮಾಡಿ ಬರೆಯಬೇಡ.

ರಾತ್ರಿ_ಓದು (ರಾಯಚೂರು)

ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾ ಇಗ್ನೋದಲ್ಲಿ ಎಂ.ಎ. ಅರ್ಥಶಾಸ್ತ್ರ ಮಾಡುತ್ತಿದ್ದೇನೆ. ನಮ್ಮಂಥವರಿಗೆ ಕ್ಲಾಸೇ ಇಲ್ಲ. ಅಸೈನ್‌ಮೆಂಟ್‌ಗೆ ನೂರಕ್ಕೆ 30, ಕೊನೇ ಪರೀಕ್ಷೆಗೆ 70. ಅಸೈನ್‌ಮೆಂಟ್ ಕೊಡದೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಅದಕ್ಕೇ ಬರೆದು ಕೊಡುವ ಅಂಗಡಿಗಳು ನಮ್ಮ ಸುತ್ತ ಜಾಸ್ತಿ.

ಟ್ಯೂಷನ್‌ಗೆ ನಾನು ದುಡ್ಡು ಕೊಟ್ಟಿದ್ದೇನೆ, ಅದರಿಂದ ಒಳ್ಳೆಯದೂ ಆಗಿದೆ. ಆದರೆ ಇಡೀ ಪೇಪರ್‌ಗೆ ಅಂತ ಕೊಡಲಿಲ್ಲ. ಕ್ವಾಂಟಿಟೇಟಿವ್ ಪೇಪರ್‌ನಲ್ಲಿ ಮ್ಯಾಟ್ರಿಕ್ಸ್ ಮತ್ತು ಡಿಫರೆನ್ಸ್ ಈಕ್ವೇಷನ್ ಮಾತ್ರ ಒಬ್ಬ ಗಣಿತ ಮೇಷ್ಟ್ರ ಹತ್ತಿರ ಗಂಟೆ ಲೆಕ್ಕದಲ್ಲಿ ಹೇಳಿಸಿಕೊಂಡೆ. ಅವರು ಪಿಯು ಕಾಲೇಜಿನ ಗಣಿತದವರು, ಅರ್ಥಶಾಸ್ತ್ರ ಓದಿದವರಲ್ಲ. ನನಗೆ ಬೇಕಿದ್ದದ್ದೂ ಅದೇ. ಅರ್ಥಶಾಸ್ತ್ರದವರನ್ನೇ ಹುಡುಕಬೇಕು ಅಂತ ಇಲ್ಲ. ಗಂಟೆಗೆ ಅವರು ತೆಗೆದುಕೊಂಡದ್ದು ಆನ್‌ಲೈನ್‌ನವರಿಗಿಂತ ಎಷ್ಟೋ ಕಡಿಮೆ.

ನೆಟ್_ತಯಾರಿ_ಹಾಸನ

ಕೋಚಿಂಗ್ ಸೆಂಟರ್ ಬಗ್ಗೆ ಒಂದು ಮಾತು. ಅವರು ನಿಜಕ್ಕೂ ಏನು ಹೇಳಿಕೊಡುತ್ತಾರೆ ಅಂತ ಕೇಳಿ. ಬಹಳ ಕಡೆ ಎಂ.ಎ. ಟ್ಯೂಷನ್ ಅಂತ ಬೋರ್ಡ್ ಇರುತ್ತದೆ, ಒಳಗೆ ನಡೆಯುವುದು ನೆಟ್ ಮತ್ತು ಕೆ-ಸೆಟ್ ಅನ್ನುವ ಉಪನ್ಯಾಸಕರ ಅರ್ಹತಾ ಪರೀಕ್ಷೆಗಳ ತಯಾರಿ. ನೆಟ್‌ನ ಎರಡನೇ ಪೇಪರ್‌ನಲ್ಲಿ 100 ಪ್ರಶ್ನೆ, ಒಂದಕ್ಕೆ 2 ಅಂಕ, ಎಲ್ಲಾ ನಾಲ್ಕು ಆಯ್ಕೆಯವು. ತಪ್ಪಿಗೆ ಅಂಕ ಕಳೆಯುವುದಿಲ್ಲ. ಅದಕ್ಕೆ ಓದುವ ರೀತಿಯೇ ಬೇರೆ. ಯಾವ ಸಿದ್ಧಾಂತ ಯಾರದು, ಯಾವ ವರ್ಷದ್ದು ಅಂತ ನೆನಪಿಟ್ಟರೆ ಅಲ್ಲಿ ಸ್ವಲ್ಪ ದೂರ ಹೋಗಬಹುದು. ಸ್ಲಟ್ಸ್ಕಿ ಸಮೀಕರಣವನ್ನು ಬಿಡಿಸಿ ತೋರಿಸು ಅಂದರೆ ಅದು ಕೈ ಹಿಡಿಯುವುದಿಲ್ಲ.

ನಾನು ಹೋದ ಒಂದು ಕಡೆ ಮೈಕ್ರೋ ಇಡೀ ಪೇಪರನ್ನು ಎರಡು ಭಾನುವಾರದಲ್ಲಿ ಮುಗಿಸಿದರು. ಫೀಸು ವಾಪಸ್ ಕೇಳಿದರೆ ರಸೀದಿಯಲ್ಲಿ ವಾಪಸ್ ಇಲ್ಲ ಅಂತ ಬರೆದಿದೆ ಅಂದರು. ಇವತ್ತಿಗೂ ಬೇಜಾರಿದೆ.

ಬಾನ್_ನಿಂದ

ಜರ್ಮನಿಯ ಬಾನ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ, ಊರು ಉಡುಪಿ. ನೆರವು ಕೇಳಲು ಸಂಕೋಚ ಪಡಬೇಡಿ ಅಂತ ಹೇಳಲಿಕ್ಕೆ ಬರೆಯುತ್ತಿದ್ದೇನೆ.

ಇಲ್ಲಿ ಪ್ರತಿ ದೊಡ್ಡ ಲೆಕ್ಚರ್ ಜೊತೆಗೆ ಅಭ್ಯಾಸದ ಕ್ಲಾಸ್ ಅಂತ ಬೇರೆ ಇರುತ್ತದೆ. ಯೂಬುಂಗ್ ಅನ್ನುತ್ತಾರೆ. ಪ್ರೊಫೆಸರ್ ಸಿದ್ಧಾಂತ ಹೇಳಿ ಹೋಗುತ್ತಾರೆ. ಈ ಕ್ಲಾಸಿನಲ್ಲಿ ಪಿಎಚ್‌.ಡಿ. ಮಾಡುತ್ತಿರುವವರು ಅಥವಾ ಹಿರಿಯ ವಿದ್ಯಾರ್ಥಿಗಳು ಲೆಕ್ಕ ಬಿಡಿಸುತ್ತಾರೆ, ನಮ್ಮ ಕೈಯಲ್ಲೂ ಬಿಡಿಸುತ್ತಾರೆ. ಅದಕ್ಕೆ ಬೇರೆ ದುಡ್ಡಿಲ್ಲ. ಅಮೆರಿಕದ ಪಿಎಚ್‌.ಡಿ. ಕಾರ್ಯಕ್ರಮಗಳಲ್ಲಿ ಮೊದಲ ಸೆಮಿಸ್ಟರ್ ಶುರುವಾಗುವ ಮುಂಚೆ ಮ್ಯಾತ್ ಕ್ಯಾಂಪ್ ಅಂತ ಕೆಲವು ವಾರ ಬರೀ ಗಣಿತ ಹೇಳಿಕೊಡುತ್ತಾರೆ. ಗಣಿತ ಓದಿಯೇ ಬಂದವರಿಗೂ ಹೇಳಿಕೊಡುತ್ತಾರೆ!

ಅಂದರೆ ಈ ವಿಷಯಕ್ಕೆ ಪಾಠ ಒಂದೇ ಸಾಲದು, ಕೂರಿಸಿಕೊಂಡು ಲೆಕ್ಕ ಮಾಡಿಸಬೇಕು ಅಂತ ಜಗತ್ತಿನಲ್ಲಿ ಎಲ್ಲರಿಗೂ ಗೊತ್ತಿದೆ. ನಮ್ಮ ಕಡೆ ಆ ಕೂರಿಸುವ ಭಾಗಕ್ಕೆ ಜನ ಇಲ್ಲ. ತುಂಗಾತೀರ ಅವರು ಹುಡುಕುತ್ತಿರುವುದು ಅದನ್ನೇ. ನನ್ನ ಪ್ರಕಾರ ಇದನ್ನು ವಿಶ್ವವಿದ್ಯಾಲಯವೇ ಕೊಡಬೇಕು. ಹಿರಿಯ ವಿದ್ಯಾರ್ಥಿಗಳಿಗೆ ಸ್ವಲ್ಪ ಗೌರವಧನ ಕೊಟ್ಟು ವಾರಕ್ಕೆ ಎರಡು ಗಂಟೆ ಇಂಥ ಕ್ಲಾಸ್ ನಡೆಸಿದರೆ ಎಷ್ಟು ಮಕ್ಕಳಿಗೆ ಅನುಕೂಲ.

ಭೀಮಾತೀರದ_ಉಪನ್ಯಾಸಕಿ

ನೂರಕ್ಕೆ ನೂರು ಸರಿ. ನಮ್ಮ ವಿಭಾಗದಲ್ಲಿ ಪಾಠದ ಹೊರೆಯೇ ಜಾಸ್ತಿ. ಅತಿಥಿ ಉಪನ್ಯಾಸಕರ ಮೇಲೆ ಕ್ಲಾಸುಗಳು ನಡೆಯುತ್ತಿವೆ. ಅವರಿಗೆ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಹಾಳೆ ತಿದ್ದುವುದಕ್ಕೆ ಯಾರಿಗೆ ಪುರುಸೊತ್ತು ಹೇಳಿ. ಆದರೂ ಹಿರಿಯ ವಿದ್ಯಾರ್ಥಿಗಳ ಕ್ಲಾಸ್ ಅನ್ನುವುದು ಆಗಬಹುದಾದ ಕೆಲಸ. ನಮ್ಮ ವಿಭಾಗದ ಸಭೆಯಲ್ಲಿ ಇದನ್ನು ಎತ್ತುತ್ತೇನೆ.

ತುಂಗಾತೀರ

ಮೇಷ್ಟ್ರೇ, ಹಾಳೆಯ ಫೋಟೋ ಹಾಕಿದ್ದೇನೆ. ಡಿರೈವೇಟಿವ್ ತೆಗೆಯುವುದನ್ನು ವಿಡಿಯೋ ನೋಡಿ ಮಾಡಿದೆ. ಅಕ್ಕಿಗೆ ಒಂದು, ಬೇಳೆಗೆ ಒಂದು, ಹೀಗೆ ಎರಡು ಸಮೀಕರಣ ಬಂದವು. ಮೂರನೆಯದು ಬಜೆಟ್. ಎರಡರಲ್ಲೂ ಲ್ಯಾಂಬ್ಡಾ ಇದೆ. ಅಲ್ಲಿಂದ ಮುಂದೆ ಏನು ಮಾಡಬೇಕು ಗೊತ್ತಾಗಲಿಲ್ಲ, ನಿಲ್ಲಿಸಿದ್ದೇನೆ.

ಧಾರವಾಡದ_ಮೇಷ್ಟ್ರು

ನೋಡಿದೆ. ತಂಗಿ, ನೀನು ಕಷ್ಟ ಅಂತ ತಿಳಿದ ಭಾಗ ಸರಿಯಾಗಿಯೇ ಇದೆ. ಎರಡೂ ಡಿರೈವೇಟಿವ್ ಸರಿ. ನೀನು ನಿಂತಿರುವುದು ಎಸ್ಸೆಸ್ಸೆಲ್ಸಿಯ ಬೀಜಗಣಿತದ ಹತ್ತಿರ. ಇದು ತುಂಬಾ ಜನರಿಗೆ ಆಗುತ್ತದೆ. ಕ್ಯಾಲ್ಕ್ಯುಲಸ್ ಬರುವುದಿಲ್ಲ ಅಂತ ಕ್ಯಾಲ್ಕ್ಯುಲಸ್ ಟ್ಯೂಷನ್‌ಗೆ ಹೋಗುತ್ತಾರೆ, ತೊಡಕು ಇರುವುದು ಘಾತಾಂಕದಲ್ಲಿ, ಭಿನ್ನರಾಶಿಯಲ್ಲಿ.

ಈಗ ಮೊದಲ ಸಮೀಕರಣವನ್ನು ಎರಡನೆಯದರಿಂದ ಭಾಗಿಸು. ಲ್ಯಾಂಬ್ಡಾ ಮೇಲೂ ಇದೆ, ಕೆಳಗೂ ಇದೆ, ಹೊಡೆದುಹೋಗುತ್ತದೆ. ವರ್ಗಮೂಲಗಳೂ ಸೇರಿ ಸರಳವಾಗುತ್ತವೆ. ಎಡಗಡೆ ಉಳಿಯುವುದು ಬೇಳೆ ಭಾಗಿಸು ಅಕ್ಕಿ. ಬಲಗಡೆ 40 ಭಾಗಿಸು 160, ಅಂದರೆ ಕಾಲು ಭಾಗ. ಅಕ್ಕಿ ಎಷ್ಟು ಕಿಲೋನೋ ಅದರ ಕಾಲು ಭಾಗ ಬೇಳೆ. ಇದನ್ನು ಬಜೆಟ್‌ಗೆ ಹಾಕು. ಅಕ್ಕಿ 40 ಕಿಲೋ, ಬೇಳೆ 10 ಕಿಲೋ. ತಾಳೆ ನೋಡು: 40 ಸಲ 40 ಅಂದರೆ 1,600. 10 ಸಲ 160 ಅಂದರೆ 1,600. ಒಟ್ಟು 3,200. ತುಷ್ಟಿಗುಣ 400ರ ವರ್ಗಮೂಲ, 20.

ನೀನು ಬಿ.ಎ.ಯಲ್ಲಿ ಚಿತ್ರ ಬರೆದು, ಔದಾಸೀನ್ಯ ರೇಖೆಯ (ಒಂದೇ ತುಷ್ಟಿಗುಣ ಕೊಡುವ ಜೋಡಿಗಳ ರೇಖೆ) ಇಳಿಜಾರು ಬಜೆಟ್ ರೇಖೆಯ ಇಳಿಜಾರಿಗೆ ಸಮ ಅಂತ ಬರೆಯುತ್ತಿದ್ದೆಯಲ್ಲ, ಈ ಕಾಲು ಭಾಗ ಅದೇ. ಹೊಸದೇನೂ ಬಂದಿಲ್ಲ.

ಇನ್ನು ಲ್ಯಾಂಬ್ಡಾ. ಲೆಕ್ಕ ಹಾಕಿದರೆ 160ರಲ್ಲಿ ಒಂದು ಭಾಗ ಬರುತ್ತದೆ. ಅದರ ಅರ್ಥ, ಕೈಗೆ ಇನ್ನೊಂದು ರೂಪಾಯಿ ಬಂದರೆ ತುಷ್ಟಿಗುಣ ಅಷ್ಟು ಏರುತ್ತದೆ. ಹಾಗಾದರೆ 160 ರೂಪಾಯಿ ಜಾಸ್ತಿ ಕೊಟ್ಟು ನೋಡು. ಆದಾಯ 3,360. ಅಕ್ಕಿ 42, ಬೇಳೆ ಹತ್ತೂವರೆ. ಗುಣಿಸಿದರೆ 441, ವರ್ಗಮೂಲ 21. ಸರಿಯಾಗಿ ಒಂದು ಏರಿತು. ಆದರೆ ಈ ಒಂದು ಅನ್ನುವ ಅಂಕಿಯನ್ನು ಜಾಸ್ತಿ ನಂಬಬೇಡ. ವರ್ಗಮೂಲ ತೆಗೆಯದೆ ಬರೀ ಗುಣಲಬ್ಧವನ್ನೇ ತುಷ್ಟಿಗುಣ ಅಂತ ಇಟ್ಟುಕೊಂಡರೆ ಲ್ಯಾಂಬ್ಡಾ ಬೇರೆಯೇ ಬರುತ್ತದೆ. ಅಕ್ಕಿ 40, ಬೇಳೆ 10 ಮಾತ್ರ ಬದಲಾಗುವುದಿಲ್ಲ. ಯಾಕೆ ಅಂತ ಯೋಚಿಸು.

ತುಂಗಾತೀರ

ಮೇಷ್ಟ್ರೇ, ಕಾಲು ಭಾಗ ಅನ್ನುವುದು ಚಿತ್ರದಲ್ಲಿ ಬರೆಯುತ್ತಿದ್ದ ಅದೇ ಇಳಿಜಾರು ಅಂತ ಇಷ್ಟು ದಿನ ಯಾರೂ ಹೇಳಿರಲಿಲ್ಲ. ಕ್ಲಾಸಿನ ನೋಟ್ಸ್ ತೆಗೆದು ಮತ್ತೆ ನೋಡಿದೆ. ಅದರಲ್ಲೂ ಅದೇ ಇದೆ, ಅಕ್ಷರಗಳಲ್ಲಿ ಇದೆ ಅಷ್ಟೇ.

ನಾಗರಭಾವಿ_ನೋಟ್ಸ್

ಮೇಷ್ಟ್ರು ಮಾಡಿದ್ದನ್ನು ಎಲ್ಲರೂ ಗಮನಿಸಿ. ಟ್ಯೂಟರ್ ಒಳ್ಳೆಯವರೋ ಅಲ್ಲವೋ ತಿಳಿಯುವುದು ಹೀಗೆ. ಮೊದಲ ಕ್ಲಾಸಿನಲ್ಲಿ ಅವರೇ ಮಾತಾಡುತ್ತಾ ಹೋದರೆ ಬಿಟ್ಟುಬಿಡಿ. ನಿಮ್ಮ ಕೈಗೆ ಪೆನ್ ಕೊಟ್ಟು ಬಿಡಿಸು ಅಂತ ಕೂತರೆ ಅಂಥವರಿಗೆ ಗಂಟೆಗೆ 1,000 ಕೊಟ್ಟರೂ ನಷ್ಟ ಇಲ್ಲ. ನಿಮ್ಮದೇ ವಿಶ್ವವಿದ್ಯಾಲಯದ ಹಳೇ ಪ್ರಶ್ನೆಪತ್ರಿಕೆ ತೆಗೆದುಕೊಂಡು ಹೋಗಿ, ಅದರಲ್ಲಿ ಒಂದು ಲೆಕ್ಕ ಅವರ ಮುಂದಿಡಿ. ಮುಂಗಡವಾಗಿ ಇಡೀ ಸೆಮಿಸ್ಟರ್‌ನ ಫೀಸು ಕೊಡಬೇಡಿ, ಗಂಟೆ ಲೆಕ್ಕದಲ್ಲಿ ಕೊಡಿ. ಯಾವ ವಿಷಯಕ್ಕೆ ಎಷ್ಟು ಗಂಟೆ ಅಂತ ಮೊದಲೇ ಮಾತಾಡಿಕೊಳ್ಳಿ. ನನ್ನ ಮೊದಲ ಉತ್ತರದಲ್ಲಿ ಟ್ಯೂಷನ್ ಬೇಡವೇ ಬೇಡ ಅಂದಿದ್ದೆ. ಮೇಡಂ ಹೇಳಿದ ಮೇಲೆ ಅದನ್ನು ಇಷ್ಟಕ್ಕೆ ತಿದ್ದಿಕೊಳ್ಳುತ್ತೇನೆ.

ಗಣಿತಕ್ಕೆ ನನ್ನ ಸಲಹೆ: ಎನ್‌ಸಿಇಆರ್‌ಟಿಯ ಹನ್ನೊಂದು ಮತ್ತು ಹನ್ನೆರಡನೇ ಕ್ಲಾಸಿನ ಗಣಿತ ಪುಸ್ತಕಗಳು ಅವರ ತಾಣದಲ್ಲೇ ಉಚಿತವಾಗಿ ಸಿಗುತ್ತವೆ. ಪೂರ್ತಿ ಓದಬೇಡಿ. ಹನ್ನೊಂದರಲ್ಲಿ ಲಿಮಿಟ್ ಮತ್ತು ಡಿರೈವೇಟಿವ್ ಅಧ್ಯಾಯ. ಹನ್ನೆರಡರಲ್ಲಿ ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ಡಿರೈವೇಟಿವ್‌ನ ಬಳಕೆ, ಪ್ರಾಬಬಿಲಿಟಿ. ತ್ರಿಕೋನಮಿತಿ ಬಂದ ಕಡೆಯೆಲ್ಲ ಸದ್ಯಕ್ಕೆ ಹಾರಿಸಿ. ಲಾಗರಿದಂ ಮಾತ್ರ ಬಿಡಬೇಡಿ, ಎಕನಾಮೆಟ್ರಿಕ್ಸ್‌ಗೆ ಹೋದ ದಿನದಿಂದ ಅದು ಬೇಕು.

ಹೊಸದುರ್ಗ_ಹುಡುಗ

ಚಾಟ್‌ಜಿಪಿಟಿ ಇರುವಾಗ ಟ್ಯೂಟರ್ ಯಾಕೆ ಅಂತ ನಮ್ಮ ಕ್ಲಾಸಿನವರು ಕೇಳುತ್ತಾರೆ. ಕನ್ನಡದಲ್ಲೇ ಕೇಳಿದರೂ ಉತ್ತರ ಕೊಡುತ್ತದೆ. ಇದರ ಬಗ್ಗೆ ಏನಂತೀರಿ?

ಬಾನ್_ನಿಂದ

ಬಳಸಿ. ನಾನೂ ಬಳಸುತ್ತೇನೆ. ಆದರೆ ಲೆಕ್ಕ ಬಿಡಿಸಿಕೊಡು ಅಂತ ಕೇಳಬೇಡಿ. ನಾನು ಬಿಡಿಸಿದ್ದು ಇದು, ತಪ್ಪು ಯಾವ ಸಾಲಿನಲ್ಲಿದೆ ಅಂತ ಕೇಳಿ. ಅದು ಕೊಡುವ ಸಾಲುಗಳು ತುಂಬಾ ಚೊಕ್ಕಟವಾಗಿ ಕಾಣುತ್ತವೆ, ಮಧ್ಯೆ ಎಲ್ಲೋ ಒಂದು ಮೈನಸ್ ತಪ್ಪಿಹೋಗಿದ್ದರೂ ಅದೇ ಧೈರ್ಯದಲ್ಲಿ ಮುಂದೆ ಹೋಗುತ್ತದೆ. ಅದಕ್ಕೇ ಮೇಷ್ಟ್ರು ಮಾಡಿದ ಹಾಗೆ ಅಂಕಿ ಹಾಕಿ ತಾಳೆ ನೋಡುವ ಅಭ್ಯಾಸ ಬೇಕು. ಬಜೆಟ್ ಕೂಡಿ ಬರುತ್ತದೆಯೇ, ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆಯೇ ಅಂತ ನೋಡಿದರೆ ಸಾಕು, ಅರ್ಧ ತಪ್ಪುಗಳು ಅಲ್ಲೇ ಸಿಗುತ್ತವೆ.

ರಾತ್ರಿ_ಓದು

ಅಸೈನ್‌ಮೆಂಟ್ ಬರೆದು ಕೊಡುವವರ ವಿಷಯ ಯಾರೂ ಎತ್ತಲಿಲ್ಲ. ದಯವಿಟ್ಟು ಅವರ ಹತ್ತಿರ ಹೋಗಬೇಡಿ. 500 ರೂಪಾಯಿಯ ಪ್ರಶ್ನೆ ಅಲ್ಲ ಇದು. ಇಂದು ಅಸೈನ್‌ಮೆಂಟ್ ಕೊಟ್ಟವರು ನಾಳೆ ಡಿಸರ್ಟೇಷನ್, ಅಂದರೆ ಪ್ರಬಂಧವನ್ನೇ ಬರೆದು ಕೊಡುತ್ತೇವೆ ಅನ್ನುತ್ತಾರೆ. ಅದೇ ಬರಹ ಇನ್ನೂ ಎಷ್ಟು ಜನಕ್ಕೆ ಮಾರಿರುತ್ತಾರೋ.

ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮ ಇದೆ. ಪ್ರಬಂಧದಲ್ಲಿ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡ ಇಲ್ಲ. 10ಕ್ಕಿಂತ ಮೇಲೆ 40ರವರೆಗೆ ಇದ್ದರೆ ಆರು ತಿಂಗಳ ಒಳಗೆ ತಿದ್ದಿ ಮತ್ತೆ ಕೊಡಬೇಕು. 40ರಿಂದ 60ರ ನಡುವೆ ಇದ್ದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಬರೆದು ಕೊಟ್ಟವನ ಹೆಸರು ಎಲ್ಲೂ ಇರುವುದಿಲ್ಲ. ಕಳೆದುಕೊಳ್ಳುವುದು ನಾವೇ.

ದತ್ತಾಂಶ_ದಾವಣಗೆರೆ

ಎಕನಾಮೆಟ್ರಿಕ್ಸ್ ಬಗ್ಗೆ ಭಯ ಇದೆ ಅಂದಿದ್ದೀರಲ್ಲ ತುಂಗಾತೀರ ಅವರೇ, ಅದಕ್ಕಾಗಿ ಇದು. ನಾನು ಇದೇ ಕೆಲಸದಲ್ಲಿದ್ದೇನೆ.

ಎಕನಾಮೆಟ್ರಿಕ್ಸ್ ಟ್ಯೂಷನ್ ಅಂತ ಹೋದರೆ ಗಾಸ್-ಮಾರ್ಕೊವ್‌ನ ಷರತ್ತುಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಪರೀಕ್ಷೆಗೆ ಅದು ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ವಿಷಯ ಒಳಗೆ ಇಳಿಯುವುದು ಒಂದು ಪ್ರಶ್ನೆ ಹಿಡಿದು ಹೋದಾಗ. ಉದಾಹರಣೆಗೆ, ಒಂದು ವರ್ಷ ಜಾಸ್ತಿ ಓದಿದರೆ ಕೂಲಿ ಎಷ್ಟು ಏರುತ್ತದೆ? ಕೂಲಿಯ ಲಾಗ್ ತೆಗೆದು, ಓದಿದ ವರ್ಷಗಳ ಮೇಲೆ ರಿಗ್ರೆಷನ್ ಮಾಡಿದರೆ, ಅಂದರೆ ಎರಡರ ಸಂಬಂಧಕ್ಕೆ ಒಂದು ಗೆರೆ ಹೊಂದಿಸಿದರೆ, 0.08 ಬಂತು ಅನ್ನಿ. ಸುಮಾರು ಶೇ. 8 ಅಂತ ಓದಬೇಕು. ಆದರೆ ಜಾಸ್ತಿ ಓದಿದವರು ಮೊದಲೇ ಅನುಕೂಲಸ್ಥರ ಮನೆಯವರು ಇರಬಹುದು. ಆ ಅನುಕೂಲವೂ ಕೂಲಿ ಏರಿಸುತ್ತದೆ. ಅದನ್ನು ಲೆಕ್ಕದಲ್ಲಿ ಬಿಟ್ಟಿದ್ದರೆ ಅದರ ಪಾಲೂ ಓದಿನ ಖಾತೆಗೆ ಬಿದ್ದು 0.08 ಉಬ್ಬಿರುತ್ತದೆ. ಬಿಟ್ಟುಹೋದ ಚರದ ತೊಂದರೆ ಅಂದರೆ ಇಷ್ಟೇ.

ಹಾಗಾದರೆ ಏನು ಮಾಡುವುದು? ಎಸ್ತರ್ ಡುಫ್ಲೋ ಅವರು 2001ರಲ್ಲಿ ಪ್ರಕಟಿಸಿದ ಲೇಖನ ಓದಿ. ಇಂಡೋನೇಷ್ಯಾ ಸರ್ಕಾರ 1970ರ ದಶಕದಲ್ಲಿ ಕೆಲವೇ ವರ್ಷಗಳಲ್ಲಿ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆ ಕಟ್ಟಿಸಿತು. ಕೆಲವು ಜಿಲ್ಲೆಗೆ ಜಾಸ್ತಿ, ಕೆಲವಕ್ಕೆ ಕಡಿಮೆ. ಶಾಲೆ ಬರುವ ಹೊತ್ತಿಗೆ ಆ ವಯಸ್ಸು ದಾಟಿದ್ದ ಮಕ್ಕಳಿಗೆ ಅದರ ಉಪಯೋಗ ಸಿಗಲಿಲ್ಲ, ಚಿಕ್ಕವರಿಗೆ ಸಿಕ್ಕಿತು. ಯಾವ ಜಿಲ್ಲೆಯಲ್ಲಿ, ಯಾವ ವರ್ಷ ಹುಟ್ಟಿದೆ ಅನ್ನುವುದು ಯಾರ ಆಯ್ಕೆಯೂ ಅಲ್ಲ. ಆ ವ್ಯತ್ಯಾಸ ಹಿಡಿದು ಲೆಕ್ಕ ಹಾಕಿ, ಒಂದು ವರ್ಷದ ಓದಿಗೆ ಕೂಲಿ ಶೇ. 6.8ರಿಂದ 10.6ರಷ್ಟು ಏರುತ್ತದೆ ಅಂತ ಅವರು ಕಂಡುಕೊಂಡರು. ಇನ್‌ಸ್ಟ್ರುಮೆಂಟಲ್ ವೇರಿಯಬಲ್ (ಹೀಗೆ ಹೊರಗಿನಿಂದ ಬಂದ ವ್ಯತ್ಯಾಸ ಹಿಡಿಯುವ ರೀತಿ) ಅನ್ನುವ ಅಧ್ಯಾಯ ಇದನ್ನು ಓದಿದ ಮೇಲೆ ಬೇರೆಯೇ ಥರ ಕಾಣುತ್ತದೆ.

ಕೈಯಲ್ಲಿ ಮಾಡಿ ನೋಡಲು ದುಡ್ಡು ಬೇಡ. ಇದಕ್ಕೆ ಬಳಸುವ ಸಾಫ್ಟ್‌ವೇರ್‌ಗಳಲ್ಲಿ ಸ್ಟೇಟಾಗೆ ಬೆಲೆ ಇದೆ, ಆದರೆ ಆರ್ ಮತ್ತು ಗ್ರೆಟಲ್ ಉಚಿತ. ಹೊಸಬರಿಗೆ ಗ್ರೆಟಲ್ ಸುಲಭ. 2017-18ರಿಂದ ನಡೆಯುತ್ತಿರುವ ಪಿಎಲ್‌ಎಫ್‌ಎಸ್ ಕಾರ್ಮಿಕ ಸಮೀಕ್ಷೆಯ ಮನೆಮನೆ ಮಟ್ಟದ ದತ್ತಾಂಶ ಕೇಂದ್ರದ ಅಂಕಿಅಂಶ ಸಚಿವಾಲಯದ ತಾಣದಲ್ಲಿ ಹೆಸರು ನೋಂದಾಯಿಸಿದರೆ ಸಿಗುತ್ತದೆ. ಕರ್ನಾಟಕದ ಭಾಗ ಮಾತ್ರ ತೆಗೆದುಕೊಂಡು ಈ ಕೂಲಿ ರಿಗ್ರೆಷನ್ ಮಾಡಿ. ಗಂಡಸರು ಹೆಂಗಸರು ಬೇರೆ ಬೇರೆ ಮಾಡಿದಾಗ ಬರುವ ಅಂಕಿ ನೋಡಿದರೆ ನೀವೇ ಹತ್ತು ಪ್ರಶ್ನೆ ಕೇಳುತ್ತೀರಿ. ಫೈಲ್ ತೆರೆಯುವಲ್ಲಿ ಎಲ್ಲರಿಗೂ ತೊಡಕಾಗುತ್ತದೆ. ಅಲ್ಲಿಗೆ ಬಂದಾಗ ಇಲ್ಲಿ ಬರೆಯಿರಿ, ನಾನು ನೋಡುತ್ತೇನೆ.

ಭೀಮಾತೀರದ_ಉಪನ್ಯಾಸಕಿ

ಕನ್ನಡದಲ್ಲಿ ಪರೀಕ್ಷೆ ಬರೆಯುವವರಿಗೆ ಒಂದು ಮಾತು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಕನ್ನಡ ಪಾಠಪುಸ್ತಿಕೆಗಳು ಸಿಕ್ಕರೆ ಜೊತೆಗೆ ಇಟ್ಟುಕೊಳ್ಳಿ. ಲೆಕ್ಕ ಬಿಡಿಸಿದ ಮೇಲೆ ಪ್ರತಿ ಹಂತದ ಕೆಳಗೆ ಅದರ ಅರ್ಥವನ್ನು ನಿಮ್ಮದೇ ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ಉತ್ತರಪತ್ರಿಕೆ ನೋಡುವವಳಾಗಿ ಹೇಳುತ್ತೇನೆ, ಬರೀ ಸಮೀಕರಣ ಇಳಿಸಿದವರಿಗೂ ಅರ್ಥ ಬರೆದವರಿಗೂ ಅಂಕದಲ್ಲಿ ವ್ಯತ್ಯಾಸ ಬಿದ್ದೇ ಬೀಳುತ್ತದೆ.

ಧಾರವಾಡದ_ಮೇಷ್ಟ್ರು

ಭಾನುವಾರ ಸಂಜೆ 7ಕ್ಕೆ ಒಂದು ಗಂಟೆ ನಾನು ವಿಡಿಯೋ ಕರೆಯಲ್ಲಿ ಕೂರುತ್ತೇನೆ. ಫೀಸು ಇಲ್ಲ. ಷರತ್ತು ಒಂದೇ, ಬಿಡಿಸಲು ಪ್ರಯತ್ನ ಮಾಡಿದ ಹಾಳೆ ಇದ್ದವರು ಮಾತ್ರ ಬರಬೇಕು. ಹತ್ತು ಜನಕ್ಕಿಂತ ಜಾಸ್ತಿ ಬೇಡ, ಹಾಳೆ ನೋಡಲು ಆಗುವುದಿಲ್ಲ.

ತಂಗಿ, ಅಷ್ಟರಲ್ಲಿ ನಿನಗೆ ಇನ್ನೊಂದು. ಅದೇ ಮನೆ, ಅದೇ 3,200. ಅಕ್ಕಿ ಬೆಲೆ 40ರಿಂದ 10ಕ್ಕೆ ಇಳಿಯಿತು. ಬೇಳೆ ಬೆಲೆ ಅಷ್ಟೇ ಇದೆ. ಅಗ್ಗವಾದದ್ದರ ಕಡೆ ಸರಿಯುವ ಬದಲಿ ಪರಿಣಾಮ ಎಷ್ಟು, ಕೈಯ ದುಡ್ಡಿಗೆ ಬಲ ಹೆಚ್ಚಿದ್ದರಿಂದ ಬರುವ ಆದಾಯ ಪರಿಣಾಮ ಎಷ್ಟು? ಹಿಕ್ಸ್ ರೀತಿಯಲ್ಲೂ ಸ್ಲಟ್ಸ್ಕಿ ರೀತಿಯಲ್ಲೂ ಮಾಡು.

ತುಂಗಾತೀರ

ಮೇಷ್ಟ್ರೇ, ಮಾಡಿದೆ. ಮನೆಯಲ್ಲಿ ದುಡ್ಡು ಕೇಳುವುದನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಮ್ಯಾಟ್ರಿಕ್ಸ್‌ಗೆ ಬೇಕಾದರೆ ರಾಯಚೂರಿನ ಸರ್ ಹೇಳಿದ ಹಾಗೆ ಇಲ್ಲಿನ ಪಿಯು ಕಾಲೇಜಿನ ಗಣಿತ ಮೇಡಂ ಒಬ್ಬರನ್ನು ಕೇಳುತ್ತೇನೆ.

ಬೆಲೆ ಇಳಿದ ಮೇಲೆ ಅಕ್ಕಿ 160 ಕಿಲೋ, ಬೇಳೆ 10 ಕಿಲೋ. ಮೊದಲು ಬೇಳೆ ಬದಲಾಗಲೇ ಇಲ್ಲ ಅಂತ ಅನುಮಾನ ಬಂತು.

ಹಿಕ್ಸ್ ಪ್ರಕಾರ ಹಳೆಯ ತುಷ್ಟಿಗುಣ 20ರಲ್ಲೇ ಉಳಿಯಲು 1,600 ರೂಪಾಯಿ ಸಾಕು. ಆಗ ಅಕ್ಕಿ 80, ಬೇಳೆ 5. ಗುಣಿಸಿದರೆ 400, ಸರಿಯಿದೆ. ಹಾಗಾಗಿ ಅಕ್ಕಿಯಲ್ಲಿ ಬದಲಿ ಪರಿಣಾಮ 40 ಕಿಲೋ, ಆದಾಯ ಪರಿಣಾಮ 80 ಕಿಲೋ. ಬೇಳೆಯಲ್ಲಿ ಬದಲಿ ಪರಿಣಾಮದಿಂದ 5 ಕಡಿಮೆ, ಆದಾಯ ಪರಿಣಾಮದಿಂದ 5 ಜಾಸ್ತಿ. ಎರಡೂ ಸರಿಹೋಗಿ ಬೇಳೆ 10ರಲ್ಲೇ ನಿಂತಿದೆ.

ಸ್ಲಟ್ಸ್ಕಿ ಪ್ರಕಾರ ಹಳೆಯ 40 ಕಿಲೋ ಅಕ್ಕಿ, 10 ಕಿಲೋ ಬೇಳೆ ಕೊಳ್ಳುವಷ್ಟು ದುಡ್ಡು ಬಿಡಬೇಕು. ಅದು 2,000 ಆಗುತ್ತದೆ. ಆ ದುಡ್ಡಿಗೆ ಅಕ್ಕಿ 100, ಬೇಳೆ 6.25 ಬಂತು. ತುಷ್ಟಿಗುಣ 25. ಹಿಕ್ಸ್‌ಗಿಂತ 400 ರೂಪಾಯಿ ಜಾಸ್ತಿ, ತುಷ್ಟಿಗುಣವೂ ಜಾಸ್ತಿ. ಇಬ್ಬರೂ ಒಂದೇ ವಿಷಯ ಹೇಳುತ್ತಾರೆ ಅಂತ ನೋಟ್ಸಿನಲ್ಲಿದೆ. ಹಾಗಾದರೆ ಇಷ್ಟು ವ್ಯತ್ಯಾಸ ಯಾಕೆ?

ಧಾರವಾಡದ_ಮೇಷ್ಟ್ರು

ಪೂರ್ತಿ ಸರಿ. ಪ್ರಶ್ನೆಯೂ ಸರಿಯಾದದ್ದು. ಸ್ಲಟ್ಸ್ಕಿ ಹಳೆಯ ಗಂಟು (40 ಕಿಲೋ ಅಕ್ಕಿ, 10 ಕಿಲೋ ಬೇಳೆ) ಕೊಳ್ಳುವಷ್ಟು ದುಡ್ಡು ಕೊಡುತ್ತಾನೆ. ಅಕ್ಕಿ ಅಗ್ಗವಾಗಿರುವಾಗ ಮನೆಯವರು ಹಳೆಯ ಗಂಟನ್ನೇ ಯಾಕೆ ಕೊಳ್ಳುತ್ತಾರೆ? ಅಕ್ಕಿಯ ಕಡೆ ಸರಿದು ಇನ್ನೂ ಮೇಲಿನ ರೇಖೆಗೆ ಹೋಗುತ್ತಾರೆ. ಆ 400 ರೂಪಾಯಿ ಹಾಗೆ ಬಂದದ್ದು.

ಈಗ ಬೆಲೆಯನ್ನು 10ಕ್ಕೆ ಇಳಿಸಬೇಡ, 40ರಿಂದ 39ಕ್ಕೆ ಮಾತ್ರ ಇಳಿಸು. ಸ್ಲಟ್ಸ್ಕಿಗೆ 3,160 ರೂಪಾಯಿ ಬೇಕು. ಹಿಕ್ಸ್‌ಗೆ ಸುಮಾರು 3,159.75. ವ್ಯತ್ಯಾಸ ನಾಲ್ಕಾಣೆ. ಬೆಲೆಯ ಬದಲಾವಣೆ ಸಣ್ಣದಾದಷ್ಟೂ ಅದೂ ಇಲ್ಲವಾಗುತ್ತದೆ. ನಿನ್ನ ನೋಟ್ಸಿನ ಸಮೀಕರಣ ಡಿರೈವೇಟಿವ್‌ನಲ್ಲಿ ಇರುವುದರಿಂದ ಅಲ್ಲಿ ಇಬ್ಬರೂ ಒಂದೇ. ಈ ಎರಡು ಅಂಕಿಯನ್ನು ನೀನೇ ಹಾಳೆಯ ಮೇಲೆ ತೆಗೆದುಕೊಂಡು ಭಾನುವಾರ ಬಾ.